ವ್ಯಕ್ತಿತ್ವ ವಿಕಸನಕ್ಕೆ ಯಾವ ಪುಸ್ತಕ ಕೊಡಲಿ?

ಚಿಕ್ಕಬಳ್ಳಾಪುರದಲ್ಲಿ ಗ್ರಂಥಾಲಯಕ್ಕೆ ಬರುವ ಯುವಕ ಯುವತಿಯರಲ್ಲಿ ಈಗ ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಪಿಡಿಒ, ಎಫ್‌ಡಿಎ, ಪೊಲೀಸ್ ನೇಮಕಾತಿಯ ಗೈಡುಗಳನ್ನು ಹಿಡಿದು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಅವರಲ್ಲಿ ಅನೇಕರು ಒಂದಲ್ಲ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: “ಮೇಡಂ, ವ್ಯಕ್ತಿತ್ವ ವಿಕಸನಕ್ಕೆ ಒಳ್ಳೆಯ ಪುಸ್ತಕ ಯಾವುದಾದರೂ ಇದೆಯೇ?” ಗ್ರಂಥಪಾಲಕಿಯಾಗಿ ನಾನು ಈ ಕೋರಿಕೆಯನ್ನು ಎಂದೂ ಹಗುರವಾಗಿ ಕಂಡಿಲ್ಲ. ಅದರ ಹಿಂದೆ ಸಂದರ್ಶನದ ಭಯವಿರುತ್ತದೆ, ಮನೆಯವರ ನಿರೀಕ್ಷೆ ಇರುತ್ತದೆ, ತಾನು ಯಾವುದಕ್ಕೂ ಸಾಲದವನು ಎಂಬ ಕೊರಗಿರುತ್ತದೆ.

ಆ ಹೆಸರಿನ ಪುಸ್ತಕಗಳು ಗ್ರಂಥಾಲಯಗಳಲ್ಲಿ ಧಾರಾಳವಾಗಿವೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಅವುಗಳ ಸಂಖ್ಯೆ 158. ನಾನು ಮಾತ್ರ ಬಂದವರನ್ನು 920ರ ಕಡೆಗೆ, ಅಂದರೆ ಜೀವನಚರಿತ್ರೆ, ಆತ್ಮಕಥೆಗಳ ಕಪಾಟಿಗೆ ಕರೆದೊಯ್ಯುತ್ತೇನೆ. ಬೇಗ ಏಳು, ಗುರಿಯಿಡು, ಸೋಲಿಗೆ ಹೆದರಬೇಡ ಎಂದು ಹೇಳುವ ಪುಸ್ತಕ ಎಲ್ಲರಿಗೂ ಒಪ್ಪಬೇಕು. ಆದ್ದರಿಂದ ಅದು ಯಾರೊಬ್ಬರ ಸಂದರ್ಭವನ್ನೂ ಪೂರ್ತಿ ಹೇಳುವುದಿಲ್ಲ. ಕೈಯಲ್ಲಿ ಎಷ್ಟು ದುಡ್ಡಿತ್ತು, ಮನೆಯಲ್ಲಿ ಯಾರು ದುಡಿಯುತ್ತಿದ್ದರು, ಯಾವ ಜಾತಿ, ಯಾವ ಊರು, ಕಷ್ಟಕಾಲದಲ್ಲಿ ಯಾರು ಕೈಹಿಡಿದರು? ಇದೇನೂ ಗೊತ್ತಿಲ್ಲದೆ ಓದುಗ ತನ್ನ ಬದುಕನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು? ಒಳ್ಳೆಯ ಆತ್ಮಕಥೆಯಲ್ಲಿ ಈ ವಿವರಗಳೇ ಪುಟಪುಟವನ್ನೂ ತುಂಬಿರುತ್ತವೆ.

ನಮ್ಮ ಜಿಲ್ಲೆಯ ಓದುಗರಿಗೆ ನಾನು ಮೊದಲು ಕೊಡುವುದು ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ತೀರಾ ಬಡ ಕುಟುಂಬದಲ್ಲಿ ಹುಟ್ಟಿದವರು. ಪ್ರಯಾಣಕ್ಕೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾದರು, ಅಮೆರಿಕದ ಓಹಿಯೋದಲ್ಲಿ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಷ್ಟಾದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯನ್ನೇ ಮನೆ ಮಾಡಿಕೊಂಡು ಬದುಕಿದರು.

ಶಿಡ್ಲಘಟ್ಟದ ಕಡೆಯ ಒಬ್ಬ ಯುವಕನಿಗೆ ಈ ಪುಸ್ತಕ ಕೊಟ್ಟಿದ್ದೆ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ. ಮಾರುಕಟ್ಟೆಯಿಂದ ಗೂಡು ತರುವ ಕೆಲಸ ಮುಗಿಸಿ ಓದಲು ಬರುತ್ತಿದ್ದ. ಧೈರ್ಯ ಬರುವ ಪುಸ್ತಕ ಕೊಡಿ ಎಂದು ಕೇಳಿದ್ದ. ಹಿಂದಿರುಗಿಸುವಾಗ ಧೈರ್ಯದ ಮಾತನ್ನೇ ಆಡಲಿಲ್ಲ. “ಮೇಡಂ, ಫಿಸಿಕ್ಸ್ ಮೇಷ್ಟ್ರು ಪವಾಡ ಪರೀಕ್ಷೆ ಮಾಡುವ ಸಮಿತಿ ಯಾಕೆ ಮಾಡಿದರು?” ಎಂದು ಕೇಳಿದ. ನನ್ನ ಕೆಲಸದಲ್ಲಿ ನಾನು ಎದುರು ನೋಡುವುದು ಇಂಥ ಗಳಿಗೆಯನ್ನು. ‘ಇದೇ ಥರದ್ದು ಇನ್ನೊಂದು ಕೊಡಿ’ ಎಂದರೆ ಪುಸ್ತಕ ಹಿಡಿಸಿದೆ ಎಂದಷ್ಟೇ ತಿಳಿಯುತ್ತದೆ. ಓದುಗ ಬಂದಾಗ ಇರದಿದ್ದ ಪ್ರಶ್ನೆಯೊಂದನ್ನು ಹಿಡಿದು ಬಂದರೆ ಅವನು ಬೆಳೆದಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ಒಂದು ಪುಸ್ತಕ ಹೀಗೆ ಹಿಡಿದ ಮೇಲೆ ನಾನು ಹೇಳುವುದು, ಒಂದೇ ವಿಷಯವನ್ನು ಬೇರೆಬೇರೆ ಕಡೆಯಿಂದ ಕಂಡವರನ್ನು ಒಟ್ಟಿಗೆ ಓದಿ ಎಂದು. ಇದಕ್ಕೂ ದೂರ ಹೋಗಬೇಕಾಗಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಣೆಕಟ್ಟು, ಪ್ರವಾಹ ನಿಯಂತ್ರಣ, ಕೈಗಾರಿಕೆ, ಆಡಳಿತ ಎಲ್ಲವೂ ಅಲ್ಲಿವೆ. ಮನೆಮಠದ ಮಾತು ತೀರಾ ಕಡಿಮೆ. ಅದೇ ವ್ಯಕ್ತಿಯನ್ನು ಪತ್ರಕರ್ತರಾಗಿ ಹತ್ತಿರದಿಂದ ಕಂಡವರು ಮುಳಬಾಗಿಲಿನ ಡಿ.ವಿ. ಗುಂಡಪ್ಪ. ಅವರ ‘ಜ್ಞಾಪಕ ಚಿತ್ರಶಾಲೆ’ಯ ‘ಮೈಸೂರಿನ ದಿವಾನರು’ ಸಂಪುಟವನ್ನು ಜೊತೆಗಿಟ್ಟುಕೊಂಡರೆ, ತನ್ನ ಬಗ್ಗೆ ತಾನೇ ಬರೆದುಕೊಳ್ಳುವವನು ಏನನ್ನು ಬಿಡುತ್ತಾನೆ, ಪಕ್ಕದಲ್ಲಿ ನಿಂತವನಿಗೆ ಏನು ಕಾಣುತ್ತದೆ ಎಂಬುದು ತಾನಾಗಿಯೇ ಅರಿವಿಗೆ ಬರುತ್ತದೆ.

ನಾನು ಅಲ್ಲಿಗೂ ನಿಲ್ಲಿಸಲು ಬಿಡುವುದಿಲ್ಲ. ಸರ್ಕಾರಿ ಹುದ್ದೆಗೆ ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬುದು ವಿಶ್ವೇಶ್ವರಯ್ಯನವರ ದೃಢ ನಿಲುವು. ಹಿಂದುಳಿದವರಿಗೆ ಪ್ರಾತಿನಿಧ್ಯ ಕೊಡುವ ವಿಚಾರವಾಗಿ ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನಗಿರಿ ಬಿಟ್ಟದ್ದೂ ಅದೇ ವರ್ಷ. ನಮ್ಮ ಪರೀಕ್ಷಾರ್ಥಿಗಳಿಗೆ ಮಿಲ್ಲರ್ ಸಮಿತಿ ಎಂದರೆ ಒಂದು ಅಂಕದ ಉತ್ತರ. ಅದರ ಒಳಗಿನ ಸಂಕಟ ತಿಳಿಯಬೇಕಾದರೆ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ ಓದಬೇಕು. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬ ಸ್ವಂತ ತಂದೆ. ಇಂಥ ಬಾಲ್ಯವನ್ನು ಸಿದ್ಧಲಿಂಗಯ್ಯನವರು ಗೋಳಾಡದೆ, ಎಷ್ಟೋ ಕಡೆ ನಗಿಸುತ್ತಲೇ ಹೇಳುತ್ತಾರೆ. ಅರ್ಹತೆ ಎಂಬ ಮಾತನ್ನು ಈ ಪುಟ ಓದಿದ ಮೇಲೆ ಮೊದಲಿನಷ್ಟು ಸಲೀಸಾಗಿ ಆಡಲು ಬರುವುದಿಲ್ಲ. ವಿಶ್ವೇಶ್ವರಯ್ಯನವರ ಮೇಲಿನ ಗೌರವವೂ ಉಳಿಯಬೇಕು, ಈ ಪುಟವೂ ಮನಸ್ಸಿನಲ್ಲಿ ಉಳಿಯಬೇಕು. ಎರಡನ್ನೂ ಒಟ್ಟಿಗೆ ಹೊರುವುದು ಕಷ್ಟ. ಆದರೂ ನಾಳೆ ಪಂಚಾಯಿತಿ ಕಚೇರಿಯಲ್ಲಿ ಕುಳಿತು ಊರು, ಕೇರಿ ಎರಡರ ಅರ್ಜಿಯನ್ನೂ ನೋಡಬೇಕಾದವರು ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು ಎಂಬುದು ನನ್ನ ಹಟ.

ಮನುಷ್ಯರ ಕಥೆ ಸಾಕೆನಿಸಿದವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಇವರು ಡಿ.ವಿ.ಜಿ.ಯವರ ಮಗ, ಸಸ್ಯವಿಜ್ಞಾನಿ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತಾ ಎಲೆ, ಹೂವು, ಕಾಯಿಗಳನ್ನು ಪರಿಚಯಿಸುತ್ತಾರೆ. ತಮಾಷೆಯ ನಡುವೆಯೇ ಪಾಠ ಸಾಗುತ್ತದೆ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನವೆಂದರೆ ಇಂಗ್ಲಿಷಿನದು, ನಮ್ಮದಲ್ಲ ಎಂದು ಹಿಂಜರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಇದನ್ನು ಹುಡುಕಿ ಕೊಡುತ್ತೇನೆ.

ಓದುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಚೀಟಿ ಇಟ್ಟುಕೊಳ್ಳಿ. ಚೆಂದದ ಸಾಲುಗಳನ್ನು ಬರೆದುಕೊಳ್ಳುವ ಬದಲು, ಎಲ್ಲಿ ನಿಮಗೆ ಒಪ್ಪಿಗೆಯಾಗಲಿಲ್ಲವೋ ಆ ಪುಟದ ಸಂಖ್ಯೆ ಬರೆಯಿರಿ. ಪುಸ್ತಕ ಮುಗಿದ ಮೇಲೆ ಆ ಪುಟಗಳನ್ನಷ್ಟೇ ಮತ್ತೆ ಓದಿ. ಗೈಡು ಓದುವ ವೇಗದಲ್ಲಿ ಆತ್ಮಕಥೆ ಓದಬೇಡಿ.

ಬೆಲೆಯ ಚಿಂತೆಯೂ ಬೇಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆಯವರು ಕಟ್ಟುವ ಆಸ್ತಿ ತೆರಿಗೆಯ ಜೊತೆಯಲ್ಲೇ ಗ್ರಂಥಾಲಯ ಕರವೂ ಸೇರಿರುತ್ತದೆ. ಹಾಗಾಗಿ ಸಂಕೋಚವಿಲ್ಲದೆ ಹತ್ತಿರದ ಗ್ರಂಥಾಲಯಕ್ಕೆ, ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಪುಸ್ತಕದ ಹೆಸರು ಹೇಳಿ ಕೇಳಿ. ಇಲ್ಲ ಎಂದರೆ ಹೆಸರು, ಲೇಖಕರು, ನಿಮ್ಮ ಮೊಬೈಲ್ ಸಂಖ್ಯೆ ಮೂರನ್ನೂ ಬರೆದುಕೊಟ್ಟು ತರಿಸಿಕೊಡಿ ಎಂದು ಹೇಳಿ. ಪುಸ್ತಕ ಖರೀದಿಯ ಪಟ್ಟಿ ತಯಾರಿಸುವಾಗ ಓದುಗರು ಬರೆದುಕೊಟ್ಟ ಚೀಟಿಗಳಿದ್ದರೆ ನಮ್ಮಂಥವರಿಗೆ ವಾದಿಸಲು ಬಲ ಬರುತ್ತದೆ.