ನೀರು ಏರಿದ್ದು ಯಾವಾಗ?

ತಟ್ಟೆಯಲ್ಲಿ ಸ್ವಲ್ಪ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಕ್ಕೆ ಏರುತ್ತದೆ. ‘ಗಾಳಿಯ ಐದನೇ ಒಂದು ಭಾಗ ಆಮ್ಲಜನಕ; ಅದು ಉರಿದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು’ ಎಂದು ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಂಡು, ಮರೆತುಬಿಡುತ್ತಾರೆ. ಪ್ರಯೋಗ ಮಾಡಿದ್ದು ಕೈ. ತಲೆಗೆ ಅವತ್ತು ರಜೆ.

ಆ ತೀರ್ಮಾನವೂ ತಪ್ಪು!

ಕೈಗೆ ಸಾಮಾನು ಕೊಟ್ಟರೆ ಅದೇ ವಿಚಾರಣಾ ವಿಧಾನದ, ಅಂದರೆ ಮಕ್ಕಳೇ ಪ್ರಶ್ನಿಸಿ ಹುಡುಕಿ ಕಲಿಯುವ ಬಗೆಯ, ಬೋಧನೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಉತ್ತರ ಮೊದಲೇ ಗೊತ್ತಿದ್ದರೆ ಪ್ರಯೋಗವೂ ಬಾಯಿಪಾಠವೇ, ಸ್ವಲ್ಪ ಹೊಗೆ ಜಾಸ್ತಿ ಅಷ್ಟೆ. ಅದರ ಬದಲು ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಲಿ: ನೀರು ಏರಿದ್ದು ಯಾವಾಗ?

ಆಮ್ಲಜನಕ ಮುಗಿಯುವುದೇ ಕಾರಣವಾದರೆ ಬತ್ತಿ ಉರಿಯುವಷ್ಟು ಹೊತ್ತೂ ನೀರು ಮೆಲ್ಲಗೆ ಏರುತ್ತಿರಬೇಕು, ಆರಿದೊಡನೆ ನಿಲ್ಲಬೇಕು. ಕಣ್ಣಿಟ್ಟು ನೋಡಿದರೆ ಆಗುವುದು ತಿರುಗುಮುರುಗು. ಉರಿಯುವಾಗ ನೀರು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಜ್ವಾಲೆ ಸೊರಗಿ ಆರಿದ ಮೇಲೆ ಸರಸರ ಏರುತ್ತದೆ. ಲೋಟ ಮುಚ್ಚುವ ಗಳಿಗೆಯಲ್ಲಿ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಉಂಟು. ಬಿಸಿಗಾಳಿ ಉಬ್ಬಿ ಹೊರಹೋಗಿದೆ. ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ.

ಲೆಕ್ಕವೂ ಹಾಕೋಣ. ಮೇಣದಬತ್ತಿ ಗಾಳಿಯ ಎಲ್ಲ ಆಮ್ಲಜನಕವನ್ನೂ ಮುಗಿಸುವುದಿಲ್ಲ. ಶೇ. 21ರಷ್ಟಿದ್ದದ್ದು ಸುಮಾರು 16ಕ್ಕೆ ಇಳಿದಾಗಲೇ ಅದು ಕೈಚೆಲ್ಲುತ್ತದೆ. ಬಳಸಿದ ಆ 5 ಪಾಲಿಗೆ ಬದಲಾಗಿ 3ಕ್ಕೂ ಹೆಚ್ಚು ಪಾಲು ಇಂಗಾಲದ ಡೈಆಕ್ಸೈಡ್ ಹಿಂದಿರುಗುತ್ತದೆ. ಜೊತೆಗೆ ಹುಟ್ಟುವ ನೀರಾವಿ ತಣಿದು ಹನಿಯಾಗುತ್ತದೆ. ನಿಜವಾದ ನಷ್ಟ ಶೇ. 2ರ ಒಳಗೆ. ಆದರೆ ಲೋಟದ ಗಾಳಿ 87 ಡಿಗ್ರಿ ಸೆಲ್ಸಿಯಸ್‌ನಿಂದ 27ಕ್ಕೆ ತಣಿದರೆ ಸಾಕು, ಅದರ ಗಾತ್ರ ಆರನೇ ಒಂದು ಭಾಗ ಕುಗ್ಗುತ್ತದೆ. ಐದನೇ ಒಂದಕ್ಕೆ ಎಷ್ಟು ಹತ್ತಿರ ನೋಡಿ! ಈ ಸುಳ್ಳು ಇಷ್ಟು ದೀರ್ಘಾಯುಷಿಯಾಗಲು ಆ ಆಕಸ್ಮಿಕವೂ ಒಂದು ಕಾರಣವಿರಬೇಕು ಎಂದು ನನ್ನ ಗುಮಾನಿ.

ಆಯುಷ್ಯದ ಮಾತು ಬಂತಲ್ಲ, ಈ ಪ್ರಯೋಗವನ್ನು ಕ್ರಿ.ಪೂ. 3ನೇ ಶತಮಾನದಷ್ಟು ಹಿಂದೆಯೇ ಬೈಜಾಂಟಿಯಮ್‌ನ ಫಿಲೋ ಎಂಬ ಗ್ರೀಕ್ ಯಂತ್ರತಜ್ಞ ವಿವರಿಸಿದ್ದ. ಬೆಂಕಿ ಗಾಳಿಯನ್ನು ನಾಶಮಾಡುತ್ತದೆ ಎಂಬುದು ಅವನ ಊಹೆ. ಎರಡು ಸಾವಿರ ವರ್ಷಗಳ ನಂತರ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವಾಜಿಯೇ ಪಾದರಸವನ್ನು 12 ದಿನ ಕಾಯಿಸಿ, ಮುಚ್ಚಿದ ಗಾಳಿಯ ಸುಮಾರು ಆರನೇ ಒಂದು ಭಾಗ ಕಡಿಮೆಯಾದದ್ದನ್ನು ಅಳೆದ. ಅವನು ಕಾಯಿಸಿದ್ದು ಲೋಹ, ಆಮ್ಲಜನಕ ಹೀರಿ ಬದಲಿಗೆ ಯಾವ ಅನಿಲವನ್ನೂ ಬಿಡದ ಲೋಹ. ಗಾಳಿಯ ಆಮ್ಲಜನಕವನ್ನು ಪ್ರಾಮಾಣಿಕವಾಗಿ ಅಳೆಯುವ ಆಸೆಯಿದ್ದರೆ ಬತ್ತಿ ಬಿಟ್ಟು, ಒದ್ದೆ ಮಾಡಿದ ಕಬ್ಬಿಣದ ನಾರನ್ನು ಲೋಟದೊಳಗೆ ತುಕ್ಕು ಹಿಡಿಯಲು ಬಿಡಿ. ಒಂದೆರಡು ದಿನ ಕಾಯಬೇಕು, ಅಷ್ಟೆ.

ವಿಜ್ಞಾನವನ್ನು ಸಿದ್ಧ ಸರಕಿನಂತೆ ಹಂಚುತ್ತಾರೆ, ಯೋಚಿಸುವ ಬಗೆಯಾಗಿ ಕಲಿಸುವುದಿಲ್ಲ ಎಂದು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲೇ ಆಕ್ಷೇಪಿಸಿದ್ದರು. ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲವನ್ನೂ ತಾವೇ ಕಂಡುಹಿಡಿಯುತ್ತಾರೆ ಎನ್ನುವುದೂ ಭ್ರಮೆಯೇ. ಒತ್ತಡವೆಂದರೇನು, ಬಿಸಿಗೆ ಗಾಳಿ ಏನಾಗುತ್ತದೆ ಎಂಬುದು ಗೊತ್ತಿಲ್ಲದವರಿಗೆ ಆ ಗುಳ್ಳೆ ಬರೀ ಗುಳ್ಳೆ. ಎಲ್ಲಿ ನೋಡಬೇಕೆಂದು ತೋರಿಸುವುದು ಮೇಷ್ಟ್ರ ಕೆಲಸ. ಏನು ಕಂಡಿತೆಂದು ಹೇಳುವುದು ಮಕ್ಕಳದು.

ಮುಂದಿನ ಹೆಜ್ಜೆ ಅವರದೇ ಆಗಲಿ. ಒಂದರ ಬದಲು ನಾಲ್ಕು ಬತ್ತಿ ಹಚ್ಚಿದರೆ? ಲೋಟ ಅದೇ, ಆಮ್ಲಜನಕವೂ ಅಷ್ಟೇ. ಹಳೆಯ ವಿವರಣೆ ಸರಿಯಾದರೆ ನೀರಿನ ಮಟ್ಟವೂ ಅಷ್ಟೇ ಇರಬೇಕು. ಹಚ್ಚಿ ನೋಡಿದರೆ ನೀರು ಇನ್ನೂ ಮೇಲೆ ಹೋಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ತಕರಾರು ಬಂದರೆ ಪಾಠ ನಾಟಿತು ಎನ್ನಬಹುದು: ‘ನಾಲ್ಕು ಬತ್ತಿ ಲೋಟದೊಳಗೆ ಜಾಸ್ತಿ ಜಾಗ ಹಿಡಿಯುತ್ತಲ್ಲ, ನೀರು ಮೇಲೆ ಹೋಗಿದ್ದು ಅದಕ್ಕೇ ಇರಬಹುದು. ಎರಡು ಸಲವೂ ನಾಲ್ಕು ಬತ್ತಿಯನ್ನೇ ಇಡೋಣ, ಮೊದಲ ಸಲ ಒಂದನ್ನು ಮಾತ್ರ ಹಚ್ಚೋಣ.’