ಸೆರಾಮಿಕ್ ಗ್ರಿಲ್‌ಗೆ ತಾರಸಿ ಮೇಲೆ ಇಟ್ಟಿಗೆ ಕಟ್ಟೆ ಕಟ್ಟಿಸಬಹುದೇ?

ಪ್ರಶ್ನೆ: ಮಗ ಮೊಟ್ಟೆಯಾಕಾರದ, ದೊಡ್ಡ ಸೈಜಿನ ಸೆರಾಮಿಕ್ ಇದ್ದಿಲು ಗ್ರಿಲ್ ತರಿಸಿದ್ದಾನೆ. ಸ್ಟ್ಯಾಂಡ್ ಮಾತ್ರ ತರಿಸಿಲ್ಲ. ನಮ್ಮದು ಜೆ.ಪಿ. ನಗರದಲ್ಲಿ ಎರಡಂತಸ್ತಿನ ಸ್ವಂತ ಮನೆ. ತಾರಸಿ ಮೇಲೆ ಸೊಂಟದೆತ್ತರಕ್ಕೆ ಇಟ್ಟಿಗೆ ಕಟ್ಟೆ ಕಟ್ಟಿ, ಅಡುಗೆಮನೆ ಕೆಲಸದಲ್ಲಿ ಉಳಿದ ಗ್ರಾನೈಟ್ ಹಾಸಿ, ಅದರ ಮೇಲೆ ಕೂರಿಸೋಣ ಅನ್ನುತ್ತಾರೆ ಮೇಸ್ತ್ರಿ. ಹಳೆಯ ತೇಗದ ಮೇಜೂ ಒಂದಿದೆ. ಯಾವುದು ಕ್ಷೇಮ?

ಉತ್ತರ: ಎರಡೂ ಬೇಡ. ಮರದ ಮೇಜು ಬೇಡವೆಂದರೆ ನಿಮಗೇನೂ ಆಶ್ಚರ್ಯವಾಗಲಿಕ್ಕಿಲ್ಲ. ಕಟ್ಟೆ ಏಕೆ ಬೇಡ ಎನ್ನುವುದನ್ನೇ ಮೊದಲು ಹೇಳುತ್ತೇನೆ. ಇಟ್ಟಿಗೆ ಬೆಂಕಿಗೆ ಹೆದರುವುದಿಲ್ಲ, ನಿಜ. ಇಲ್ಲಿ ಯೋಚಿಸಬೇಕಾದ್ದು ನಿಮ್ಮ ಮನೆಯ ಮೋಲ್ಡಿನ ಬಗ್ಗೆ.

ಮೂರಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಎತ್ತರದ ಗಟ್ಟಿ ಕಟ್ಟೆ ಎಂದರೆ 22.5 ಘನ ಅಡಿ. ಇಟ್ಟಿಗೆ ಗಾರೆ ಕೆಲಸ ಘನ ಮೀಟರಿಗೆ ಸುಮಾರು 1,900 ಕೆ.ಜಿ. ತೂಗುತ್ತದೆ. ಹಾಗಾಗಿ ಕಟ್ಟೆಯೊಂದೇ 1,200 ಕೆ.ಜಿ. ಆಗುತ್ತದೆ, ನೀರು ತುಂಬಿದ ಸಾವಿರ ಲೀಟರ್ ಟ್ಯಾಂಕಿಗಿಂತ ಹೆಚ್ಚು. ಟ್ಯಾಂಕನ್ನು ನಿಮ್ಮ ಮೇಸ್ತ್ರಿಯೇ ಆದರೂ ಮೋಲ್ಡಿನ ನಡುಮಧ್ಯೆ ಇಡುವುದಿಲ್ಲ. ಗೋಡೆ, ಬೀಮು ನೋಡಿಕೊಂಡೇ ಕೂರಿಸುತ್ತಾರೆ. ಕಟ್ಟೆ ವಿಷಯಕ್ಕೆ ಬಂದಾಗ ಅದೇ ಎಚ್ಚರ ಯಾಕೋ ಮರೆತುಹೋಗುತ್ತದೆ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರ ಲೆಕ್ಕ ಹಾಕಲು ಬಳಸುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಇದು ಇಡೀ ತಾರಸಿಗೆ ಹರಡಿದ ಲೆಕ್ಕ. ಒಂದು ಕಡೆ ತುಸು ಹೆಚ್ಚಾದ ಮಾತ್ರಕ್ಕೆ ಮನೆ ಬೀಳುವುದಿಲ್ಲ. ಆದರೆ ಒಂದು ಚದರ ಮೀಟರೂ ಇಲ್ಲದ ಜಾಗದಲ್ಲಿ ಅದರ ಎಂಟೊಂಬತ್ತು ಪಟ್ಟು ಹೇರಿ ವರ್ಷಗಟ್ಟಲೆ ಬಿಟ್ಟರೆ, ಎಂಜಿನಿಯರ್ ನೋಡಿ ಒಪ್ಪದ ಹೊರತು, ಕೆಳಗಿನ ಕೋಣೆಯ ಸೂರಿನಲ್ಲಿ ಬಿರುಕು ಹುಡುಕುವ ಕೆಲಸ ನಿಮ್ಮದಾಗಬಹುದು.

ಇಷ್ಟಕ್ಕೂ ಗ್ರಿಲ್ಲಿನ ತೂಕ ದೊಡ್ಡದೇನಲ್ಲ. ಬಿಗ್ ಗ್ರೀನ್ ಎಗ್ ಕಂಪನಿಯ ಲಾರ್ಜ್ ಮಾದರಿ ಸುಮಾರು 73 ಕೆ.ಜಿ., ಎಕ್ಸ್‌ಎಲ್ ಸುಮಾರು 100 ಕೆ.ಜಿ. ಒಬ್ಬ ಗಟ್ಟಿ ಆಳು ತಾರಸಿಗೆ ಹತ್ತಿದಷ್ಟೇ ಭಾರ. ಅದನ್ನು ಹೊರುವುದಕ್ಕೆ ಒಂದು ಟನ್ನಿನ ಕಟ್ಟೆ ಯಾಕೆ? ಕಟ್ಟೆಯೇ ಆಗಬೇಕೆಂದು ಮನಸ್ಸಿದ್ದರೆ ನೆಲಮಹಡಿಯ ಅಂಗಳದಲ್ಲಿ, ಮಣ್ಣು ದಿಮ್ಮಿಸಿ ಕಾಂಕ್ರೀಟ್ ಹಾಕಿದ ಮೇಲೆ ಕಟ್ಟಿಸಿ. ಅಲ್ಲಿ ನನ್ನ ತಕರಾರಿಲ್ಲ.

ಈಗ ಮೇಜಿಗೆ ಬರೋಣ. ತೇಗ ನೀರು, ಗೆದ್ದಲು ಎರಡನ್ನೂ ತಡೆದುಕೊಳ್ಳುವ ಮರ. ಬೆಂಕಿಯ ಮುಂದೆ ಅದೂ ಸೌದೆಯೇ. ಈ ಗ್ರಿಲ್ಲುಗಳಲ್ಲಿ ಗಾಳಿ ಒಳಹೋಗುವ ಕಿಂಡಿ ತಳದ ಹತ್ತಿರವೇ ಇರುತ್ತದೆ; ಬೂದಿ ಎಳೆಯುವುದೂ ಅಲ್ಲಿಂದಲೇ. ಸಣ್ಣ ಕೆಂಡ ಉದುರಿದರೆ ನೇರ ಹಲಗೆ ಮೇಲೆ. ಕೆಂಡ ಬೀಳದಿದ್ದರೂ ಅಪಾಯ ತಪ್ಪಿದ್ದಲ್ಲ. ನಿಧಾನವಾಗಿ ಹೊಗೆಯಲ್ಲಿ ಬೇಯಿಸುವಾಗ ಒಳಗೆ 110–120 ಡಿಗ್ರಿ ಸೆಲ್ಸಿಯಸ್ ಇದ್ದರೆ, ಪಿಜ್ಜಾ ಮಾಡುವ ದಿನ 350 ಡಿಗ್ರಿ ದಾಟಿಸುತ್ತಾರೆ. ತಳಕ್ಕೆ ತಾಗಿಕೊಂಡ ಮರ ಮತ್ತೆ ಮತ್ತೆ ಕಾದು, ಕಪ್ಪಾಗಿ, ಇದ್ದಿಲಾಗುತ್ತಾ ಬರುತ್ತದೆ. ಹಾಗೆ ಕರಕಲಾದ ಮರಕ್ಕೆ ಹೊಸ ಮರಕ್ಕಿಂತ ಬೇಗ ಕಿಡಿ ಹತ್ತುತ್ತದೆ. ನಾಲ್ಕು ಭಾನುವಾರ ಏನೂ ಆಗಲಿಲ್ಲ ಎನ್ನುವುದು ಐದನೆಯದಕ್ಕೆ ಧೈರ್ಯ ಕೊಡುವ ಮಾತಲ್ಲ.

ಮೇಲೆ ಗ್ರಾನೈಟ್ ಹಾಸಿದರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಅಡುಗೆಮನೆಗೆ ತಂದ ಗ್ರಾನೈಟ್ ಮುಕ್ಕಾಲು ಇಂಚಿನ ಆಸುಪಾಸು ದಪ್ಪ. ನಡುಭಾಗ ಕಾದು ಹಿಗ್ಗುತ್ತದೆ, ಅಂಚು ತಣ್ಣಗೇ ಇರುತ್ತದೆ. ಆ ಎಳೆದಾಟದಲ್ಲಿ ಕಲ್ಲು ಫಟ್ಟೆಂದು ಸೀಳುತ್ತದೆ. ಕಡಪ ಕಲ್ಲು, ಶಹಾಬಾದ್ ಕಲ್ಲು ಇನ್ನೂ ಬೇಡ. ಎರಡೂ ಪದರ ಪದರವಾದ ಸುಣ್ಣದ ಕಲ್ಲಿನ ಜಾತಿ, ಕಾವಿಗೆ ಚಕ್ಕೆ ಏಳುತ್ತವೆ. ಇನ್ನು ಸಾದರಹಳ್ಳಿ ಗ್ರಾನೈಟಿನ ಎರಡಿಂಚು ದಪ್ಪದ ಚಪ್ಪಡಿ ಇದ್ದರೆ ಅದನ್ನು ಸ್ಟ್ಯಾಂಡಿನ ಕೆಳಗೆ ನೆಲಕ್ಕೆ ಹಾಸಿ, ಬಹಳ ಚೆನ್ನಾಗಿರುತ್ತದೆ. ಗ್ರಿಲ್ಲಿನ ತಳಕ್ಕೆ ಮಾತ್ರ ತಾಗಿಸಬೇಡಿ.

ಯಾವ ಕಲ್ಲು ಎನ್ನುವುದಕ್ಕಿಂತ ಮುಖ್ಯವಾದ್ದು ನಡುವೆ ಗಾಳಿ ಆಡಲು ಜಾಗ ಇದೆಯೇ ಎನ್ನುವುದು. ತಳಕ್ಕೂ ಕೆಳಗಿನ ಮೇಲ್ಮೈಗೂ ಮಧ್ಯೆ ಸಂದು ಇದ್ದರೆ ಕಾವು ಗಾಳಿಯೊಂದಿಗೆ ಹೋಗುತ್ತದೆ, ಕಲ್ಲಿಗಾಗಲಿ ಮರಕ್ಕಾಗಲಿ ಇಳಿಯುವುದು ಕಡಿಮೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ಗ್ರಿಲ್ ಮಾಡಿದ ಕಂಪನಿಯದೇ ಕಬ್ಬಿಣದ ಸ್ಟ್ಯಾಂಡ್ ತರಿಸಿ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಬೆಲೆಗೆ ಆಗುತ್ತದೆ, ಗೊತ್ತು. ಆದರೆ ತಳದ ದುಂಡಿಗೆ ಸರಿಹೊಂದದ ಸ್ಟ್ಯಾಂಡಿನಲ್ಲಿ ಇಡೀ ಭಾರ ಒಂದೇ ಮೊನೆಯ ಮೇಲೆ ಕೂತು ಸೆರಾಮಿಕ್ ಬಿರುಕು ಬಿಟ್ಟರೆ ಉಳಿಸಿದ್ದೆಲ್ಲ ಹೋಯಿತು. ಮಗನಿಗೆ ಮೇಜಿನ ಮೇಲೇ ಇರಬೇಕೆಂಬ ಹಟವಿದ್ದರೆ, ಮೇಜಿನ ಮೇಲಿಡಲೆಂದೇ ಮಾಡಿದ ಗಿಡ್ಡ ಕಾಲಿನ ಸ್ಟ್ಯಾಂಡ್ ಸಿಗುತ್ತದೆ. ಅದರಡಿಗೆ ಕನಿಷ್ಠ ಎರಡಿಂಚು ದಪ್ಪದ ಕಾಂಕ್ರೀಟ್ ಪೇವರ್ ಇರಲಿ. ಡ್ರೈವ್‌ವೇಗೆ ಹಾಕುವ 60 ಮಿ.ಮೀ. ಪೇವರ್ ಸಾಕು. ಮಳೆಯಲ್ಲಿ ನೆನೆದದ್ದಾದರೆ ಒಣಗಿಸಿ ಬಳಸಿ; ಒಳಗಿನ ನೀರು ಆವಿಯಾಗಿ ಸಿಡಿಯುವುದುಂಟು. ಆ ಮೇಜು ನೂರು ಕೆ.ಜಿ. ಹೊರುವಷ್ಟು ಗಟ್ಟಿಯಿದೆಯೇ ಎಂದು ಬಡಗಿಯನ್ನು ಕೇಳಿ.

ತಾರಸಿಯಲ್ಲಿ ಜಾಗ ಆರಿಸುವಾಗ ಪಿಲ್ಲರ್ ಅಥವಾ ಬೀಮಿನ ಹತ್ತಿರ ಹೋಗಿ. ನೆಲ ಮಳೆನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ರಸಮಟ್ಟ ಇಟ್ಟು ನೋಡಿ, ಚಪ್ಪಡಿಯಡಿಗೆ ಗಾರೆ ಕೊಟ್ಟು ಸಮ ಮಾಡಿಸಿ, ನೀರು ಹೋಗುವ ದಾರಿ ಮಾತ್ರ ಮುಚ್ಚಬೇಡಿ. ಮೂರು ಕಲ್ಲಿನ ಒಲೆ ಎಲ್ಲಿಟ್ಟರೂ ಅಲ್ಲಾಡುವುದಿಲ್ಲ. ನಾಲ್ಕು ಗಾಲಿಯ ಸ್ಟ್ಯಾಂಡ್ ಹಾಗಲ್ಲ, ಒಂದು ಗಾಲಿ ಎತ್ತಿಕೊಂಡರೂ ಕುಲುಕುತ್ತದೆ. ಮೇಲಾಗಿ ಭಾರವಾದ ಮುಚ್ಚಳ ತೆರೆದಾಗ ತೂಕವೆಲ್ಲ ಹಿಂದಕ್ಕೆ ವಾಲುತ್ತದೆ. ಗಾಲಿ ಲಾಕ್ ಮಾಡದೆ ಬೆಂಕಿ ಹಾಕಬೇಡಿ. ವಾಟರ್‌ಪ್ರೂಫಿಂಗಿಗೆ ಡಾಂಬರಿನ ಹಾಳೆ ಅಂಟಿಸಿದ್ದರೆ ಅದರ ಮೇಲೆ ನೇರವಾಗಿ ಇಡಲೇಬೇಡಿ. ಕಾವಿಗೆ ಅದು ಮೆತ್ತಗಾಗುತ್ತದೆ, ಗಾಲಿ ಒತ್ತಿ ತೂತಾದರೆ ಮುಂದಿನ ಮಳೆಗೆ ಸೋರುತ್ತದೆ.

ಮೇಲೆ ಸಾಗಿಸುವಾಗ ಒಳಗಿನ ಭಾಗಗಳನ್ನೆಲ್ಲ ಮೊದಲೇ ತೆಗೆದಿಡಿ. ಮುಚ್ಚಳದ ಕೀಲನ್ನೋ ಹಿಡಿಕೆಯನ್ನೋ ಹಿಡಿದು ಎತ್ತಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಲ್ಲಿ ಗಾಳಿ ಬಹುತೇಕ ಪಶ್ಚಿಮದಿಂದ ಬೀಸುತ್ತದೆ. ಆ ತಿಂಗಳುಗಳಲ್ಲಿ ಕೆಳಗಿನ ಕಿಂಡಿ ಪೂರ್ವಕ್ಕೆ ಮುಖ ಮಾಡಿರಲಿ, ಇಲ್ಲದಿದ್ದರೆ ಗಾಳಿ ನುಗ್ಗಿ ಕಾವು ಕೈಮೀರುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವಕ್ಕೆ ತಿರುಗುತ್ತದೆ, ಆಗ ಗ್ರಿಲ್ಲನ್ನೂ ತಿರುಗಿಸಬೇಕು. ಗಾಲಿ ಇದ್ದರೆ ಈ ಕೆಲಸಕ್ಕೆ ಅನುಕೂಲ, ತಣ್ಣಗಿರುವಾಗ ಮಾತ್ರ. ಬಟ್ಟೆ ಒಣಹಾಕುವ ತಂತಿ, ಹಸಿರು ನೆರಳುಬಲೆ, ಪ್ಲಾಸ್ಟಿಕ್ ಶೀಟಿನ ಚಪ್ಪರ ಇವುಗಳಿಂದ ದೂರವಿರಲಿ. ಮೇ ತಿಂಗಳ ಸಂಜೆ ಮಳೆ ಹೇಳದೆ ಬರುತ್ತದೆ. ಕಾದ ಸೆರಾಮಿಕ್ ಮೇಲೆ ತಣ್ಣೀರು ಸುರಿದರೆ ಒಡೆಯಬಹುದು. ನೀರು ಹಾಕಿ ಆರಿಸುವ ಅಭ್ಯಾಸವೂ ಬೇಡ. ಮೇಲಿನ, ಕೆಳಗಿನ ಕಿಂಡಿ ಎರಡನ್ನೂ ಮುಚ್ಚಿದರೆ ಬೆಂಕಿ ತಾನೇ ಸಾಯುತ್ತದೆ.

ಅಪಾರ್ಟ್‌ಮೆಂಟಿನವರೂ ಇದೇ ಪ್ರಶ್ನೆ ಕೇಳುತ್ತಾರೆ. ಬಾಲ್ಕನಿಯಲ್ಲಿ ಎಂಥ ಅಡಿಪಾಯ ಹಾಕಿದರೂ ನಾನು ಒಪ್ಪುವುದಿಲ್ಲ. ಪಾರಿವಾಳಕ್ಕೆ ಕಟ್ಟಿದ ನೈಲಾನ್ ಬಲೆ ಕೈಗೆಟಕುವ ದೂರದಲ್ಲಿರುತ್ತದೆ, ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ಬಾಗಿಲಿನಿಂದ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯುಟಿಲಿಟಿಯಲ್ಲಂತೂ ಬೇಡವೇ ಬೇಡ.

ಬೂದಿಗೂ ಒಂದು ಜಾಗ ಈಗಲೇ ಗೊತ್ತುಮಾಡಿ. ಬೂದಿಯೊಳಗಿನ ಕೆಂಡ ಮಾರನೆಯ ದಿನವೂ ಜೀವಂತ ಇರಬಹುದು. ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಚಪ್ಪಡಿ ಮೇಲೇ ಇಟ್ಟು, ಪೂರ್ತಿ ತಣ್ಣಗಾದ ಮೇಲಷ್ಟೇ ಕಸದ ಆಟೊಗೆ ಕೊಡಿ. ಆ ಆಟೊದಲ್ಲಿ ಅಷ್ಟೊಂದು ಒಣ ಕಾಗದ, ಪ್ಲಾಸ್ಟಿಕ್ ಇರುತ್ತದೆ.