ಚಪ್ಪೆ ರೋಗದ ಲಸಿಕೆ: ಹಸು ಆಮೇಲೆ, ಮೊದಲು ಕಡಸು ಹಿಡ್ಕೊಳ್ಳಿ

ಲಸಿಕೆ ಹಾಕೋಕೆ ಹೋದ್ರೆ ಹಾಲು ಕೊಡೋ ಹಸುನ ಮುಂದೆ ತಂದು ನಿಲ್ಲಿಸ್ತಾರೆ, ಕರು ಮಾತ್ರ ಕೊಟ್ಟಿಗೇಲೇ ಉಳಿಯುತ್ತೆ. "ಅದಕ್ಯಾಕೆ ಸಾರ್, ಇನ್ನೂ ಚಿಕ್ಕದು" ಅಂತಾರೆ. ಚಪ್ಪೆ ರೋಗದಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ. ಇದು ಹೆಚ್ಚಾಗಿ ಹಿಡಿಯೋದೇ ಆರು ತಿಂಗಳಿಂದ ಎರಡು ವರ್ಷದೊಳಗಿನ ಕಡಸು, ಹೋರಿಗರುಗಳನ್ನ, ಅದರಲ್ಲೂ ಚೆನ್ನಾಗಿ ಮೇಯ್ದು ಮೈಕೈ ತುಂಬ್ಕೊಂಡಿರೋವನ್ನ. ಬಡಕಲು ಕರು ಉಳಿದು ದುಂಡಗಿದ್ದದ್ದು ಸತ್ರೆ ಮನೆಯವರು ದೃಷ್ಟಿ ಆಯ್ತು ಅಂತಾರೆ, ನೋಡೋಕೆ ಹಾಗೇ ಕಾಣುತ್ತೆ ಬಿಡಿ.

ಕಾರಣ ಇರೋದು ಮಣ್ಣಲ್ಲಿ. ಕ್ಲಾಸ್ಟ್ರಿಡಿಯಂ ಶೋವಿಯೈ ಅನ್ನೋ ಬ್ಯಾಕ್ಟೀರಿಯಾ ಸ್ಪೋರ್ ರೂಪದಲ್ಲಿ, ಅಂದ್ರೆ ಗಟ್ಟಿ ಚಿಪ್ಪಿನೊಳಗೆ ನಿದ್ದೆ ಮಾಡೋ ಬೀಜದ ಹಾಗೆ, ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತೆ, ಮಳೆ ನೀರು ಹರಿದಾಗಲೋ ಮಣ್ಣು ಅಗೆದು ಅಡಿಮೇಲಾದಾಗಲೋ ಮೇಲೆ ಬರುತ್ತೆ, ಎಳೇ ಹುಲ್ಲಿನ ಜೊತೆ ಹೊಟ್ಟೆ ಸೇರಿ ಅಲ್ಲಿಂದ ಮಾಂಸಖಂಡಕ್ಕೆ ಹೋಗಿ ಸುಮ್ನೆ ಕೂತಿರುತ್ತೆ, ಆಮೇಲೆ ಯಾವತ್ತೋ ಗುದ್ದಿಸ್ಕೊಂಡು ಒಳಪೆಟ್ಟಾಗಿ ಆ ಜಾಗಕ್ಕೆ ಆಕ್ಸಿಜನ್ ಕಮ್ಮಿ ಆಯ್ತು ಅಂದ್ರೆ ಎದ್ದು ವಿಷ ಬಿಡೋಕೆ ಶುರು ಮಾಡುತ್ತೆ. ದನದಿಂದ ದನಕ್ಕೆ ಅಂಟೋ ಕಾಯಿಲೆ ಅಲ್ಲ ಇದು, ಆದ್ರೆ ಒಂದೇ ಗೋಮಾಳದಲ್ಲಿ ಮೇಯೋವಕ್ಕೆಲ್ಲ ಮಣ್ಣು ಒಂದೇ ತಾನೇ.

ಜೋರು ಜ್ವರ, ಕುಂಟು, ತೊಡೆ ಅಥವಾ ಹೆಗಲ ಹತ್ರ ಊತ. ಊತ ಮೊದಲು ಬಿಸಿ ಇರುತ್ತೆ, ಆಮೇಲೆ ತಣ್ಣಗಾಗುತ್ತೆ, ಒತ್ತಿದ್ರೆ ಒಳಗೆ ಗಾಳಿ ತುಂಬಿದ ಹಾಗೆ ಚರಚರ ಅನ್ನುತ್ತೆ. ಸಾಮಾನ್ಯವಾಗಿ 12ರಿಂದ 48 ಗಂಟೆಯಲ್ಲಿ ಕಥೆ ಮುಗಿಯುತ್ತೆ. ತೀರಾ ಶುರುವಲ್ಲೇ ಪೆನ್ಸಿಲಿನ್ ಬಿದ್ರೆ ಕೆಲವು ಉಳೀತಾವೆ, ಉಳುಕಿದೆ ಅಂತ ಎಣ್ಣೆ ತಿಕ್ಕುತ್ತಾ ಕೂತ್ರೆ ಆ ಟೈಮೂ ಹೋಯ್ತು. ಆಸ್ಪತ್ರೆ ದೂರ ಇದ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಲಸಿಕೆ ಆರು ತಿಂಗಳು ತುಂಬಿದ ಕರುವಿಂದ ಶುರು, ಆಮೇಲೆ ವರ್ಷಕ್ಕೊಂದು ಸಲ. ಸೂಜಿ ಚುಚ್ಚಿದ ದಿನವೇ ಶಕ್ತಿ ಬರಲ್ಲ, ಎರಡು ಮೂರು ವಾರ ಬೇಕು, ಅದಕ್ಕೇ ಭರಣಿ ಮಳೆ ಹೊತ್ತಿಗೆ ಆಗಿರಲಿ ಅನ್ನೋದು. ಮುಂಗಾರು ಹಿಡಿದು ಪಕ್ಕದ ಮನೆ ಕರು ಬಿದ್ದ ಮೇಲೆ ಓಡಿ ಬರೋರೇ ಜಾಸ್ತಿ. ಚುಚ್ಚಿದ ಜಾಗದಲ್ಲಿ ಗಂಟು ಬಂದ್ರೆ ಹೆದರ್ಬೇಡಿ, ತಾನಾಗೇ ಕರಗುತ್ತೆ. ಹಾಲು ಒಂದೆರಡು ದಿನ ಸ್ವಲ್ಪ ಇಳಿದ್ರೂ ಇಳೀಬಹುದು, ಕಡಸಿಗೆ ಆ ತಲೆನೋವೂ ಇಲ್ಲವಲ್ಲ! ಮತ್ತೆ ಬಾಟಲಿ ನೀವೇ ತರೋದಾದ್ರೆ ಐಸ್ ಜೊತೆ ತನ್ನಿ, ಆದ್ರೆ ಫ್ರೀಜರಲ್ಲಿ ಮಾತ್ರ ಇಡ್ಬೇಡಿ. 2ರಿಂದ 8 ಡಿಗ್ರಿ ಇರ್ಬೇಕು, ಗಡ್ಡೆ ಕಟ್ಟಿದ ಲಸಿಕೆ ಹಾಕಿದ್ರೂ ಒಂದೇ ಬಿಟ್ರೂ ಒಂದೇ.

ನೆರಡಿ ರೋಗ, ಅಂದ್ರೆ ಆಂಥ್ರಾಕ್ಸ್, ಇದೂ ಮಣ್ಣಿಂದಲೇ, ಆದ್ರೆ ಅದರ ಲಸಿಕೆ ಬೇರೆ. ಅದು ಜೀವಂತ ಸ್ಪೋರಿನ ಲಸಿಕೆ, ಮೊದಲು ರೋಗ ಬಂದಿರೋ ಊರುಗಳಲ್ಲಿ ಮಾತ್ರ ಹಾಕ್ತೀವಿ, ಆ ಸಮಯದಲ್ಲಿ ಆಂಟಿಬಯೋಟಿಕ್ ಕೊಡಬಾರದು. ಇದ್ದಕ್ಕಿದ್ದಂತೆ ಸತ್ತ ದನದ ಮೂಗು, ಗುದದಿಂದ ಹೆಪ್ಪುಗಟ್ಟದ ರಕ್ತ ಬರ್ತಿದ್ರೆ ಮುಟ್ಟೋಕೇ ಹೋಗ್ಬೇಡಿ, ಮನುಷ್ಯರಿಗೂ ಬರುತ್ತೆ, ಡಾಕ್ಟ್ರನ್ನ ಕರೀರಿ. ಚಪ್ಪೆ ರೋಗವೋ ನೆರಡಿಯೋ, ಹೆಣ ಕುಯ್ಯೋದು, ಚರ್ಮ ಸುಲಿಯೋದು ಬೇಡ, ಕುಯ್ದಷ್ಟೂ ಸ್ಪೋರ್ ಮಣ್ಣಿಗೆ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ, ಆ ಜಾಗಕ್ಕೆ ಬೇಲಿ ಹಾಕಿ, ಮುಂದೆ ಅಲ್ಲಿ ದನ ಮೇಯಿಸ್ಬೇಡಿ.